ಯಾರಿಗೆಷ್ಟು ಸಕ್ಕರೆ

ಹನ್ನೊಂದಕ್ಕೆ ಶೇಕಪ್ಪ ಬರುತ್ತಾನೆ, ಒಂದು ಕೈಯಲ್ಲಿ ಕಿಟ್ಲಿ,
ಇನ್ನೊಂದರಲ್ಲಿ ತಂತಿಯ ಬುಟ್ಟಿ, ಆರು ಗ್ಲಾಸು.
ವಿದ್ಯಾನಗರದ ಈ ಎರಡನೇ ಮಹಡಿಯಲ್ಲಿ
ನಮ್ಮ ಹೆಸರು ಅವನಿಗೆ ಬೇಕಿಲ್ಲ.
ಹಂಚಿನಾಳ ಡಾಕ್ಟರು ಅಂದರೆ ‘ಸಪ್ಪನ್ನವರು’,
ಸ್ಲೈಡು ತೊಳೆಯುವ ರೇಣವ್ವ ‘ಎರಡೂವರಿ’,
ನಾನು ‘ಅರ್ಧ ಚಮಚೆ ಬಾಯಾರು’.
ಸಕ್ಕರೆಯಿಂದಲೇ ಮಂದಿಯ ಗುರುತು ಹಿಡಿಯುವವನು.

ನನ್ನ ಕೆಲಸವೂ ಅದೇ ಎಂದರೆ ನಗುತ್ತಾನೆ.

ನಳಿಕೆಯ ಬಾಯಿಗೆ ಬಣ್ಣದ ಹತ್ತಿ:
ಹಸಿರಿನದು ಗ್ಲೂಕೋಸ್, ಕೆಂಪಿನದು ಲ್ಯಾಕ್ಟೋಸ್,
ನೀಲಿ ಸುಕ್ರೋಸ್, ನೇರಳೆ ಮ್ಯಾನಿಟಾಲ್.
ಒಳಗೆ ಒಣಹುಲ್ಲಿನ ಬಣ್ಣದ ನೀರು,
ನೀರೊಳಗೆ ಬೋರಲಾಗಿ ಇನ್ನೊಂದು ಪುಟ್ಟ ನಳಿಕೆ,
ಉಸಿರು ಹಿಡಿಯಲಿಕ್ಕೆ.
ಕಣ್ಣಿಗೆ ಕಾಣದ್ದನ್ನು ತಂತಿಯ ತುದಿಯಲ್ಲಿ ತಂದು
ಕೇಳುತ್ತೇನೆ: ಯಾವುದು ಸೇರುತ್ತದೆ ನಿನಗೆ?
ಉಂಡರೆ ನೀರು ಗುಲಾಬಿ. ಉಂಡು ತೇಗಿದರೆ
ಒಳನಳಿಕೆಯ ನೆತ್ತಿಯಲ್ಲಿ ಒಂದು ಗುಳ್ಳೆ.
ಸೇರದಿದ್ದರೆ ಇಟ್ಟ ಎಡೆ ಇಟ್ಟಲ್ಲೇ.

ಶೇಕಪ್ಪ ಹತ್ತಿ ಹಿಂಜಿ ನೋಡುತ್ತಾನೆ.
ಅಣ್ಣಿಗೇರಿಯ ಜಿನ್ನಿನಲ್ಲಿ ಹನ್ನೆರಡು ವರ್ಷ ಇದ್ದವನು.
“ಎಳಿ ಗಿಡ್ಡ ಅದ ಬಾಯಾರ. ಇದರಾಗ ದಿಂಬು ಸೈತ ಆಗೂದಿಲ್ಲ.”
“ಹುಳ ಹೊರಗ ಬರಬಾರದು, ಅಷ್ಟ ಸಾಕು.”
“ಮೊದಲ ಹೊರಗ ಇದ್ದ ಹುಳಕ್ಕ ಯಾರ ಹತ್ತಿ ತುರಕತಾರ್ರಿ?”

ಆಷಾಢದಲ್ಲಿ ನರ್ಸಿಂಗ್ ಹಾಸ್ಟೆಲಿನ ಹುಡುಗಿಯರು ಮಲಗಿದರು,
ಮೊದಲು ಮೂವರು, ವಾರ ತುಂಬುವಷ್ಟರಲ್ಲಿ ಒಂಬತ್ತು.
ಜ್ವರ ದಿನಕ್ಕೊಂದು ಪಾವಟಿಗೆ ಏರುತ್ತಿತ್ತು.
ರಕ್ತ ಬಂತು. ಬೆಳೆದದ್ದನ್ನು ನಾಲ್ಕು ನಳಿಕೆಗೆ ಹಾಕಿ ಒಂದು ರಾತ್ರಿ ಬಿಟ್ಟೆ.
ಬೆಳಿಗ್ಗೆ
ಹಸಿರು ಹತ್ತಿಯ ಕೆಳಗೆ ಗುಲಾಬಿ, ನೇರಳೆಯ ಕೆಳಗೆ ಗುಲಾಬಿ.
ಕೆಂಪು, ನೀಲಿ ಮುಟ್ಟಿಲ್ಲ.
ಗುಳ್ಳೆ? ಬೆಳಕಿಗೆ ಹಿಡಿದೆ, ಉಗುರಿನಿಂದ ತಟ್ಟಿದೆ.
ಇಲ್ಲ.
ಹೊಟ್ಟೆ ತುಂಬ ಉಂಡು ಸದ್ದಿಲ್ಲದೆ ಕೂತವನು.
ಸೀರಮ್ಮಿನ ಹನಿಗೆ ಹಾಲು ಒಡೆದಂತೆ ಒಡೆದ.
ಟೈಫಾಯ್ಡು.

ಟಾಕಿ ತೊಳೆದರು, ನಳದ ನೀರು ತಪಾಸು ಮಾಡಿಸಿದರು,
ಹುಡುಗಿಯರಿಗೆ ಯಾರ ಕೈಯಿಂದ ಏನು ಹೋಗುತ್ತದೆಂದು ಪಟ್ಟಿ ಬರೆದರು:
ಅಡುಗೆಯವರು, ಹಾಲಿನವ,
ಸಂಜೆ ಗೇಟಿನ ಹೊರಗೆ ಗಿರ್ಮಿಟ್ಟು ಕಲಸುವ ಶೇಕಪ್ಪ.
ಡಬ್ಬಿಗಳು ನನ್ನ ಮೇಜಿಗೆ ಬಂದವು, ಬರೀ ನಂಬರು.

ಏಳನೆಯದು.
ಹಸಿರು ಗುಲಾಬಿ. ನೇರಳೆ ಗುಲಾಬಿ.
ಗುಳ್ಳೆ ಇಲ್ಲ.

ನಂಬರಿನ ಪುಸ್ತಕ ತೆರೆದು ಬೆರಳಿಟ್ಟಾಗ
ಮೆಟ್ಟಿಲ ಮೇಲೆ ಕಿಟ್ಲಿಯ ಸದ್ದು.
ಅರ್ಧ ಚಮಚೆ ಹಾಕಿ, ಕಲಕಿ, ಮುಂದೆ ಹಿಡಿದ.
“ನಂದೇನ ಬಂತ್ರೀ?”
“ಯಾವಾಗರೆ ಜ್ವರ ಬಂದಿತ್ತೇನ ನಿನಗ?”
“ಜಿನ್ನಿನ್ಯಾಗ ಇದ್ದಾಗ ಒಮ್ಮೆ. ಇಪ್ಪತ್ತೊಂದ ದಿನ. ಹೋತು.”
ಹೋಗಿರಲಿಲ್ಲ. ಪಿತ್ತಕೋಶದ ಮೂಲೆಯಲ್ಲಿ ಚಾಪೆ ಹಾಸಿಕೊಂಡು
ಇಷ್ಟು ವರ್ಷ ಬಾಡಿಗೆ ಕೊಡದೆ ಇತ್ತು.

ಹೇಳಿದೆ. ಕಿಟ್ಲಿ ನೆಲಕ್ಕಿಟ್ಟ.
ತನ್ನ ಕೈ ನೋಡಿಕೊಂಡ, ಹಿಂದೆ, ಮುಂದೆ.
“ಆ ಒಂಬತ್ತರಾಗ,” ಅಂದ,
“ಉಳ್ಳಾಗಡ್ಡಿ ಜಾಸ್ತಿ ಹಾಕಸ್ಕೊಳ್ಳಾಕಿನೂ ಅದಾಳೇನ್ರಿ?”

ಹುಡುಗಿಯರು ಎದ್ದರು. ಆಕೆ ಕೊನೆಗೆ ಎದ್ದಳು.

ಈಗ ಬೇರೊಬ್ಬ ಹುಡುಗ ಚಹಾ ತರುತ್ತಾನೆ,
ಎಲ್ಲರಿಗೂ ಒಂದೇ ಥರ್ಮಾಸು, ಒಂದೇ ಸಿಹಿ.
ಹಂಚಿನಾಳ ಡಾಕ್ಟರು ಒಂದೇ ಗುಟುಕಿಗೆ ಗ್ಲಾಸು ಸರಿಸುತ್ತಾರೆ,
ರೇಣವ್ವ ಮನೆಯಿಂದ ಸಕ್ಕರೆಯ ಪೊಟ್ಟಣ ತರುತ್ತಾಳೆ.

ಶೇಕಪ್ಪನ ಗುಳಿಗೆ ಮುಗಿದಿವೆ.
ಮೂರು ಸಲ ಏನೂ ಬೆಳೆಯಬಾರದು, ಎರಡಾಯಿತು.
ಮೂರನೆಯದು ಈ ರಾತ್ರಿ ಮೂವತ್ತೇಳು ಡಿಗ್ರಿಯ ಪೆಟ್ಟಿಗೆಯಲ್ಲಿದೆ.
ಈ ಸಲ ಉದ್ದ ಎಳೆಯ ಹತ್ತಿ ತರಿಸಿದ್ದೇನೆ,
ಬಂದರೆ ತೋರಿಸಲಿಕ್ಕೆ.